ಒತ್ತಕ್ಷರದ ದೂರು: ವಿನ್ಯಾಸ ತಂತ್ರಾಂಶಗಳಲ್ಲಿ ಕನ್ನಡದ ನಾಲ್ಕು ದಶಕ

ಕನ್ನಡ ಮುದ್ರಣದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಮುದ್ರಣಾಲಯಗಳ ಮತ್ತು ಗ್ರಂಥಗಳ ಮೂಲಕ ಹೇಳಿಕೊಳ್ಳುತ್ತೇವೆ. 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯ ವ್ಯಾಕರಣ, 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯ, 1843ರ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು ಇವು ಆ ಚರಿತ್ರೆಯ ಪರಿಚಿತ ಮೈಲಿಗಲ್ಲುಗಳು. ಇದಕ್ಕೆ ಸಮಾಂತರವಾಗಿ ಯಾರೂ ಬರೆದಿಡದ ಮತ್ತೊಂದು ಚರಿತ್ರೆಯಿದೆ. ಅದು ದೂರುಗಳ ಚರಿತ್ರೆ. ಅಕ್ಷರ ಮುರಿಯಿತು, ಒತ್ತು ಜಾರಿತು, ಅರ್ಕಾವತ್ತು ಎಲ್ಲಿಗೋ ಹೋಯಿತು ಎಂದು ಬಳಕೆದಾರರು ಹೇಳಿದ ಮಾತುಗಳ, ಅವುಗಳಿಗೆ ದೊರೆತ ಮತ್ತು ದೊರೆಯದ ಉತ್ತರಗಳ ಚರಿತ್ರೆ. ಕಳೆದ ನಾಲ್ಕು ದಶಕಗಳ ಮಟ್ಟಿಗಾದರೂ ಅದನ್ನು ಒಂದೆಡೆ ಕಲೆಹಾಕುವುದು ಈ ಬರಹದ ಉದ್ದೇಶ.

ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ದೂರಿಗೂ ಪರಿಹಾರಕ್ಕೂ ನಡುವಿನ ದೂರ ಕಡಿಮೆಯಿತ್ತು. ಒತ್ತಿನ ಮೊಳೆ ಸವೆದಿದ್ದರೆ ಕಂಪೋಸಿಟರ್ ಅದನ್ನು ಕಣ್ಣಾರೆ ಕಾಣುತ್ತಿದ್ದ, ಒಡೆಯನಿಗೆ ಹೇಳುತ್ತಿದ್ದ, ಹೊಸ ಮೊಳೆ ಬರುತ್ತಿತ್ತು. ದೋಷ, ದೋಷವನ್ನು ಕಂಡವನು, ಅದನ್ನು ಸರಿಪಡಿಸಬಲ್ಲವನು ಹೆಚ್ಚುಕಡಿಮೆ ಒಂದೇ ಭಾಷಾವಲಯದಲ್ಲಿದ್ದರು. ಗಣಕ ಬಂದಾಗ ಈ ನಂಟು ಕಡಿದುಹೋಯಿತು.

1985ರಲ್ಲಿ ಅಮೆರಿಕದ ಆಲ್ಡಸ್ ಸಂಸ್ಥೆ ಪೇಜ್‌ಮೇಕರ್ ತಂತ್ರಾಂಶವನ್ನು ಹೊರತಂದಿತು. ‘ಡೆಸ್ಕ್‌ಟಾಪ್ ಪಬ್ಲಿಷಿಂಗ್’ ಎಂಬ ಮಾತನ್ನು ಚಲಾವಣೆಗೆ ತಂದವನೂ ಆ ಸಂಸ್ಥೆಯ ಸ್ಥಾಪಕ ಪಾಲ್ ಬ್ರೇನರ್ಡನೇ. 1994ರಲ್ಲಿ ಅಡೋಬಿ ಸಂಸ್ಥೆ ಆಲ್ಡಸನ್ನು ಕೊಂಡುಕೊಂಡಿತು. ಈ ತಂತ್ರಾಂಶವನ್ನು ರೂಪಿಸಿದವರ ಮನಸ್ಸಿನಲ್ಲಿ ಕನ್ನಡ ಇರಲಿಲ್ಲ; ಇರಬೇಕಾದ ಕಾರಣವೂ ಇರಲಿಲ್ಲ. ಆದರೂ ‘ಡಿಟಿಪಿ’ ಎಂಬ ಮೂರಕ್ಷರದ ಹೆಸರಿನಲ್ಲಿ ಅದು ನಮ್ಮ ಊರುಕೇರಿಗಳನ್ನು ಹೊಕ್ಕಿತು. ಕನ್ನಡ ಅದರೊಳಗೆ ಪ್ರವೇಶಿಸಿದ್ದು ಹಿಂಬಾಗಿಲಿನಿಂದ, ಇಂಗ್ಲಿಷಿನ ವೇಷ ತೊಟ್ಟು.

ಆ ವೇಷದ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅಂದಿನ ಒಂದು ಫಾಂಟಿನಲ್ಲಿ ಇದ್ದದ್ದು 256 ಮನೆಗಳು. ಅವುಗಳಲ್ಲಿ ಕೆಲವು ಗಣಕದ ಸ್ವಂತ ಕೆಲಸಕ್ಕೆ ಮೀಸಲು. ಉಳಿದವುಗಳಲ್ಲಿ ಕನ್ನಡದ ಕಾಗುಣಿತವೂ ಒತ್ತಕ್ಷರಗಳೂ ಇಡಿಯಾಗಿ ಹಿಡಿಸುವಂತಿರಲಿಲ್ಲ. ಆದ್ದರಿಂದ ಫಾಂಟ್ ತಯಾರಕರು ಅಕ್ಷರಗಳನ್ನು ತುಂಡರಿಸಿದರು. ಮುಂದೆ ವ್ಯಾಪಕವಾದ ‘ನುಡಿ’ಯ ಹಳೆಯ ಸಂಕೇತಕ್ರಮವನ್ನೇ ತೆಗೆದುಕೊಂಡರೆ, ಅಲ್ಲಿ ‘ಕ’ ಎಂಬುದು ಒಂದು ಅಕ್ಷರವಲ್ಲ, ಎರಡು ತುಂಡು: ಒಡಲು ಒಂದು, ತಲೆಕಟ್ಟು ಇನ್ನೊಂದು. ಒಡಲು ಕುಳಿತಿರುವುದು ರೋಮನ್ ಲಿಪಿಯ ದೊಡ್ಡ ‘ಪಿ’ಯ ಮನೆಯಲ್ಲಿ. ‘ನ’ಕಾರದ ಒಡಲು ಬ್ರಿಟಿಷ್ ಪೌಂಡ್ ನಾಣ್ಯದ ಚಿಹ್ನೆಯ ಮನೆಯಲ್ಲಿ. ಹೀಗೆ ‘ಕನ್ನಡ’ ಎಂಬ ಮೂರಕ್ಷರದ ಪದವು ಗಣಕದ ಪಾಲಿಗೆ ಏಳು ರೋಮನ್ ಚಿಹ್ನೆಗಳ ಸಾಲು. ಫಾಂಟ್ ತಪ್ಪಿಹೋದ ಕಡತವನ್ನು ತೆರೆದು ನೋಡಿದವರಿಗೆ ನಮ್ಮ ಭಾಷೆಯ ಹೆಸರಿನ ನಡುವೆ ಪೌಂಡ್ ಚಿಹ್ನೆ ಕಂಡಿರುವುದು ಈ ಕಾರಣದಿಂದ.

ಇದರಿಂದ ಹುಟ್ಟಿದ ತೊಂದರೆಗಳು ವಿಚಿತ್ರವಾಗಿದ್ದವು. ವಾಕ್ಯದ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುವ ಸೌಲಭ್ಯ ಇಂಗ್ಲಿಷ್ ಬರೆಯುವವರಿಗೆ ಉಪಕಾರಿ; ಆದರೆ ಆ ಕ್ರಮದಲ್ಲಿ ಸಣ್ಣ ‘ಆರ್’ ಎಂದರೆ ‘ಡಿ’, ದೊಡ್ಡ ‘ಆರ್’ ಎಂದರೆ ‘ಖ’. ಪದಸಂಸ್ಕಾರಕ ಉಪಕಾರಕ್ಕೆ ಹೊರಟರೆ ‘ಡಿಸೆಂಬರ್’ ‘ಖಸೆಂಬರ್’ ಆಗಿಬಿಡುತ್ತಿತ್ತು. ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿಸುವ ಜಾಣತನವೂ ಹಾಗೆಯೇ ಬೇರೊಂದು ಅಕ್ಷರಖಂಡವನ್ನು ತಂದು ನಿಲ್ಲಿಸಬಹುದಾಗಿತ್ತು. ಪದಗಳನ್ನು ಸಾಲಿನ ಕೊನೆಯಲ್ಲಿ ಒಡೆಯುವ ಇಂಗ್ಲಿಷ್ ನಿಯಮ ಚಾಲನೆಯಲ್ಲಿದ್ದರೆ ಅಕ್ಷರ ಮೇಲಿನ ಸಾಲಿನಲ್ಲಿ, ಅದರ ಒತ್ತು ಕೆಳಗಿನ ಸಾಲಿನಲ್ಲಿ. ಶೀರ್ಷಿಕೆಯನ್ನು ಅಗಲಗೊಳಿಸಲೆಂದು ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದರೆ ತಲೆಕಟ್ಟು ಒಡಲಿನಿಂದ ದೂರ ಸರಿಯುತ್ತಿತ್ತು. 160 ಮತ್ತು 173ನೆಯ ಮನೆಗಳನ್ನು ಅನೇಕ ತಂತ್ರಾಂಶಗಳು ಮುರಿಯದ ಖಾಲಿಜಾಗಕ್ಕೂ ಅಡಗಿದ ಅಡ್ಡಗೆರೆಗೂ ಮೀಸಲಿಟ್ಟಿದ್ದರಿಂದ ಅಲ್ಲಿ ಇರಿಸಿದ ಅಕ್ಷರ ತೆರೆಯ ಮೇಲಿಂದಲೇ ಮಾಯವಾಗುತ್ತಿತ್ತು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಇವುಗಳಲ್ಲಿ ಯಾವುದೂ ತಂತ್ರಾಂಶ ತಯಾರಕರ ದೃಷ್ಟಿಯಲ್ಲಿ ದೋಷವೇ ಅಲ್ಲ. ತನ್ನೆದುರು ಇರುವುದು ಇಂಗ್ಲಿಷ್ ಎಂದು ತಿಳಿದ ಯಂತ್ರ ಇಂಗ್ಲಿಷಿಗೆ ಸರಿಯಾದುದನ್ನೇ ಮಾಡುತ್ತಿತ್ತು. ವೇಷ ತೊಟ್ಟು ಬಂದವರು ವೇಷಕ್ಕೆ ತಕ್ಕ ಉಪಚಾರ ದೊರೆತಾಗ ದೂರುವುದು ಹೇಗೆ? ಆದ್ದರಿಂದ ಆ ಕಾಲದ ದೂರುಗಳು ಪೇಜ್‌ಮೇಕರ್ ತಯಾರಿಸಿದವರನ್ನು ತಲುಪಲಿಲ್ಲ. ತಲುಪಿದ್ದು ಫಾಂಟ್ ತಯಾರಕರನ್ನು. ಪುಣೆಯ ಮಾಡ್ಯುಲರ್ ಸಂಸ್ಥೆಯ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮೊದಲಾದವು ತಮ್ಮ ತಮ್ಮ ಉತ್ತರಗಳನ್ನು ಕಂಡುಕೊಂಡವು. ಪ್ರತಿಯೊಂದರ ಸಂಕೇತಕ್ರಮವೂ ಬೇರೆ. ಒಂದು ಮುದ್ರಣಾಲಯದ ಕಡತ ಮತ್ತೊಂದರಲ್ಲಿ ತೆರೆಯದ ಸ್ಥಿತಿ ಉಂಟಾಯಿತು.

ಈ ಗೊಂದಲಕ್ಕೆ ಕನ್ನಡಿಗರೇ ಉತ್ತರ ಹುಡುಕಿದ್ದು ಈ ಚರಿತ್ರೆಯ ಉಜ್ವಲ ಭಾಗ. ಕೆ.ಪಿ. ರಾವ್ ಅವರು ಧ್ವನಿಯನ್ನು ಅನುಸರಿಸುವ ಕೀಲಿಮಣೆಯ ಕಲ್ಪನೆಯನ್ನು ‘ಸೇಡಿಯಾಪು’ ತಂತ್ರಾಂಶದಲ್ಲಿ ಸಾಕಾರಗೊಳಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ‘ನುಡಿ’ಯನ್ನು ರೂಪಿಸಿ ಕೀಲಿಮಣೆಗೂ ಫಾಂಟುಗಳಿಗೂ ಏಕರೂಪತೆ ತಂದಿತು. ದೂರು ಹೇಳುವವರೂ ಕೇಳುವವರೂ ಮತ್ತೆ ಒಂದೇ ಭಾಷೆಯವರಾದರು. ಆದರೆ ಪರಿಹಾರ ದೊರೆತದ್ದು ವೇಷದೊಳಗೇ, ವೇಷ ಕಳಚಲಿಲ್ಲ.

ವೇಷ ಕಳಚುವ ದಾರಿ ಯುನಿಕೋಡ್. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ನೆಲೆ ದೊರೆತಿತ್ತು. ಆದರೆ ಸಂಕೇತ ಕೊಡುವುದು ಒಂದು ಕೆಲಸ, ಅದನ್ನು ಅಕ್ಷರವಾಗಿ ಮೂಡಿಸುವುದು ಇನ್ನೊಂದು. ಯುನಿಕೋಡ್ ಉಚ್ಚಾರಣೆಯ ಕ್ರಮವನ್ನು ದಾಖಲಿಸುತ್ತದೆ. ಲಿಪಿ ಬೇರೊಂದು ಕ್ರಮದಲ್ಲಿ ಕಾಣಿಸಿಕೊಳ್ಳುತ್ತದೆ. ‘ಶಕ್ತಿ’ ಎನ್ನುವಾಗ ಗುಡಿಸು ಸೇರಿರುವುದು ತಕಾರದ ಉಚ್ಚಾರಕ್ಕೆ, ಆದರೆ ಬರವಣಿಗೆಯಲ್ಲಿ ಅದು ಏರಿ ಕೂರುವುದು ಕಕಾರದ ಮೇಲೆ. ‘ಸೂರ್ಯ’ ಎನ್ನುವಾಗ ರೇಫ ಮೊದಲು ಕೇಳಿಸುತ್ತದೆ, ಆದರೆ ಅರ್ಕಾವತ್ತು ಯಕಾರದ ನಂತರ ಬರುತ್ತದೆ. ಈ ಮರುಜೋಡಣೆಯನ್ನು ಮಾಡುವ ಯಂತ್ರಾಂಗ ತಂತ್ರಾಂಶದೊಳಗೆ ಇರಬೇಕು. ವಿಂಡೋಸ್‌ನಲ್ಲಿ ಅದು 2001ರ ಎಕ್ಸ್‌ಪಿ ಆವೃತ್ತಿಯೊಂದಿಗೆ ‘ತುಂಗಾ’ ಫಾಂಟಿನ ಜೊತೆ ಬಂದಿತು. ಆದರೆ ಪುಟವಿನ್ಯಾಸದ ತಂತ್ರಾಂಶಗಳು ಕಾರ್ಯವ್ಯವಸ್ಥೆಯ ಯಂತ್ರಾಂಗವನ್ನು ಬಳಸದೆ ತಮ್ಮದೇ ಅಕ್ಷರಜೋಡಣೆಯನ್ನು ಇರಿಸಿಕೊಂಡಿದ್ದವು. ಹೀಗಾಗಿ ಪತ್ರ ಬರೆಯುವ ತಂತ್ರಾಂಶದಲ್ಲಿ ಸರಿಯಾಗಿ ಕಂಡ ‘ಶಕ್ತಿ’ ಭಿತ್ತಿಪತ್ರದ ತಂತ್ರಾಂಶಕ್ಕೆ ಹೋದೊಡನೆ ಅರ್ಧಾಕ್ಷರಗಳಾಗಿ ಬಿಡಿಬಿಡಿಯಾಗುತ್ತಿತ್ತು.

ಅಡೋಬಿಯ ಇನ್‌ಡಿಸೈನ್ 1999ರಲ್ಲಿ ಬಂದಿತಾದರೂ ಅದರಲ್ಲಿ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿಗೆ ಅಧಿಕೃತ ಬೆಂಬಲ ದೊರೆತದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಆಗಲೂ ಅದು ತಾನಾಗಿ ಕೆಲಸ ಮಾಡುತ್ತಿರಲಿಲ್ಲ. ‘ವರ್ಲ್ಡ್ ರೆಡಿ ಕಂಪೋಸರ್’ ಎಂಬುದನ್ನು ಬಳಕೆದಾರ ಆರಿಸಿಕೊಳ್ಳಬೇಕಾಗಿತ್ತು. ಫೋಟೋಶಾಪಿನಲ್ಲಿಯೂ ಅಷ್ಟೆ, ಆಯ್ಕೆಗಳ ಪಟ್ಟಿಯೊಳಗೆ ಹೋಗಿ ಮಧ್ಯಪ್ರಾಚ್ಯ ಮತ್ತು ದಕ್ಷಿಣ ಏಷ್ಯಾದ ಲಿಪಿವ್ಯವಸ್ಥೆಯನ್ನು ಗುರುತುಹಾಕಬೇಕಾಗಿತ್ತು. ಇದನ್ನು ತಿಳಿಯದವರು ಒಡೆದ ಅಕ್ಷರವನ್ನು ಕಂಡು ‘ಫಾಂಟ್ ಸರಿಯಿಲ್ಲ’ ಎಂದು ತೀರ್ಮಾನಿಸಿ ಹಳೆಯ ಫಾಂಟಿಗೆ ಮರಳಿದರು. ಒಂದು ಕಾಲದಲ್ಲಿ ದೂರಿಗೆ ವಿಳಾಸವೇ ಇರಲಿಲ್ಲ. ಈಗ ಅದು ತಪ್ಪು ವಿಳಾಸಕ್ಕೆ ಹೋಗತೊಡಗಿತು.

ಇದಕ್ಕೆ ಭಿನ್ನವಾದ ಪರಂಪರೆ ಮುಕ್ತ ತಂತ್ರಾಂಶದ್ದು. ಅಲ್ಲಿ ದೂರು ಬಹಿರಂಗ ದಾಖಲೆ. ಯಾರು ಬೇಕಾದರೂ ಓದಬಹುದು, ಉದಾಹರಣೆ ಸೇರಿಸಬಹುದು. ಅಕ್ಷರಗಳನ್ನು ಜೋಡಿಸುವ ‘ಹಾರ್ಫ್‌ಬಝ್’ ಯಂತ್ರಾಂಗವನ್ನು ಬೆಹದಾದ್ ಇಸ್ಫಾಹಬೋದ್ ಅವರು ಹೊಸದಾಗಿ ಕಟ್ಟುವಾಗ ವಿಕಿಪೀಡಿಯದಿಂದ ಆಯ್ದ ಪದಪಟ್ಟಿಗಳನ್ನು ಅದರಿಂದಲೂ ವಿಂಡೋಸ್‌ನ ಯಂತ್ರಾಂಗದಿಂದಲೂ ಮೂಡಿಸಿ ಹೋಲಿಸಿದರು. ಕನ್ನಡದ ಪಟ್ಟಿಯಲ್ಲಿ ಒಂಬತ್ತೂವರೆ ಲಕ್ಷಕ್ಕೂ ಹೆಚ್ಚು ಪದಗಳಿದ್ದವು. ಕೊನೆಗೆ ಹೊಂದದೆ ಉಳಿದವು ಸಾವಿರಕ್ಕಿಂತ ಕಡಿಮೆ. ಲೇಖನಗಳನ್ನು ಬರೆದ ಸ್ವಯಂಸೇವಕರು ತಮಗೆ ಅರಿವಿಲ್ಲದೆಯೇ ಕನ್ನಡದ ಅಕ್ಷರಪರೀಕ್ಷೆಗೆ ಸಾಮಗ್ರಿ ಒದಗಿಸಿದ್ದರು. ಇಂದು ಅದೇ ಯಂತ್ರಾಂಗ ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ಇಂಕ್‌ಸ್ಕೇಪ್‌ಗಳಲ್ಲಿದೆ; ಇನ್‌ಡಿಸೈನಿನ ಈಚಿನ ಆವೃತ್ತಿಗಳೂ ಅದನ್ನು ಅಳವಡಿಸಿಕೊಂಡಿವೆ.

ಎಲ್ಲವೂ ಬೇಗ ಆಯಿತೆಂದಲ್ಲ. ಪುಟವಿನ್ಯಾಸದ ಮುಕ್ತ ತಂತ್ರಾಂಶ ಸ್ಕ್ರೈಬಸ್‌ನ 1.0 ಆವೃತ್ತಿ ಬಂದದ್ದು 2003ರಲ್ಲಿ. ಭಾರತೀಯ ಮತ್ತು ಅರಬ್ಬಿ ಲಿಪಿಗಳ ಬೆಂಬಲ ಪ್ರಾಯೋಗಿಕ ಆವೃತ್ತಿಗೆ ಬಂದದ್ದು 2017ರಲ್ಲಿ. ಅದನ್ನೊಳಗೊಂಡ ಸ್ಥಿರ ಆವೃತ್ತಿ 1.6 ಹೊರಬಂದದ್ದು 2024ರ ಜನವರಿಯಲ್ಲಿ. ಆ ಕೆಲಸದಲ್ಲಿ ಒಮಾನಿನ ಮುಕ್ತ ತಂತ್ರಾಂಶ ಕಾರ್ಯಕರ್ತರ ಪಾತ್ರ ದೊಡ್ಡದು. ಅರಬ್ಬಿಗಾಗಿ ಪಟ್ಟ ಶ್ರಮದ ಫಲ ಕನ್ನಡಕ್ಕೂ ದಕ್ಕಿತು.

ದೂರು ಮಾನದಂಡವನ್ನೇ ತಿದ್ದಬಲ್ಲದು ಎಂಬುದಕ್ಕೂ ನಿದರ್ಶನಗಳಿವೆ. ಫ, ಜ ಅಕ್ಷರಗಳ ಅಡಿಯಲ್ಲಿ ಚುಕ್ಕೆಯಿಡಲು ಬೇಕಾದ ನುಕ್ತಾ ಮತ್ತು ಅವಗ್ರಹ ಚಿಹ್ನೆ ಯುನಿಕೋಡಿನ ಕನ್ನಡ ಭಾಗದಲ್ಲಿ ಮೊದಲಿಗೆ ಇರಲಿಲ್ಲ, 2003ರ 4.0 ಆವೃತ್ತಿಯಲ್ಲಿ ಸೇರಿದವು. ರಕಾರಕ್ಕೆ ಯಕಾರದ ಒತ್ತು ಬರುವಲ್ಲಿ ಯಂತ್ರವು ಅರ್ಕಾವತ್ತನ್ನೇ ಹಾಕುತ್ತದೆ. ‘ಸೂರ್ಯ’ನಿಗೆ ಅದು ಸಲ್ಲುತ್ತದೆ, ‘ರ‍್ಯಾಂಕ್’ಗೆ ಸಲ್ಲುವುದಿಲ್ಲ. ಇದಕ್ಕಾಗಿ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಜೋಡಕವೊಂದನ್ನು ಇಡುವ ಕ್ರಮ ಸ್ಥಿರವಾಯಿತು.

ಹೀಗಿದ್ದರೂ ಅನೇಕ ಮುದ್ರಣಾಲಯಗಳಲ್ಲಿ ಪೇಜ್‌ಮೇಕರ್ ಇನ್ನೂ ಜೀವಂತವಾಗಿದೆ. ಅದರ ಕೊನೆಯ ಪ್ರಮುಖ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದನ್ನು ಬಿಡದ ಡಿಟಿಪಿ ಕೆಲಸಗಾರರನ್ನು ಹಳಬರೆಂದು ಹೀಗಳೆಯುವುದು ಸುಲಭ, ಆದರೆ ನ್ಯಾಯವಲ್ಲ. ಹಳೆಯ ಗಣಕದಲ್ಲಿಯೂ ಅದು ಚುರುಕಾಗಿ ಓಡುತ್ತದೆ; ಒಮ್ಮೆ ಕೊಂಡರೆ ಮುಗಿಯಿತು. ಸಿಎಸ್6ರ ನಂತರ ಅಡೋಬಿ ಬಾಡಿಗೆ ಪದ್ಧತಿಗೆ ತಿರುಗಿತು. ಪುಟದ ಲೆಕ್ಕದಲ್ಲಿ ಸಂಪಾದಿಸುವವರಿಗೆ ಆ ವೆಚ್ಚ ಹಗುರವಲ್ಲ. ಮೇಲಾಗಿ, ಯಾವ ಸೌಲಭ್ಯವನ್ನು ಆರಿಸಿಡಬೇಕು, ಯಾವ ಒತ್ತನ್ನು ಕೈಯಿಂದ ಸರಿಸಬೇಕು ಎಂಬ ವಿದ್ಯೆ ಅವರ ಬೆರಳಿನಲ್ಲಿದೆ. ಅವರು ದೋಷವನ್ನು ದೂರಲಿಲ್ಲ, ದೋಷದೊಡನೆ ಬಾಳುವುದನ್ನು ಕಲಿತರು. ಆ ಜಾಣ್ಮೆಯೇ ದೋಷವನ್ನು ಕಣ್ಮರೆಯಾಗಿಸಿತು. ಪುಸ್ತಕ ಹೊತ್ತಿಗೆ ಸರಿಯಾಗಿ ಬರುತ್ತಿರುವಾಗ ತಂತ್ರಾಂಶ ಸರಿಯಿಲ್ಲವೆಂದು ಯಾರಿಗೆ ಗೊತ್ತಾಗಬೇಕು?

ಕರ್ನಾಟಕದಾಚೆ ಇರುವ ನಮಗೆ ಇದರ ಬಿಸಿ ಬೇರೆ ರೀತಿಯಲ್ಲಿ ತಟ್ಟುತ್ತದೆ. ಮುಂಬಯಿಯಲ್ಲೋ ಪುಣೆಯಲ್ಲೋ ಸಂಘದ ಸ್ಮರಣ ಸಂಚಿಕೆಯನ್ನು ಜೋಡಿಸುವವರಿಗೆ ಕನ್ನಡ ಓದಲು ಬಾರದಿರುವುದು ಅಪರೂಪವಲ್ಲ. ಅರ್ಕಾವತ್ತು ಬಿದ್ದುಹೋದರೆ ಅವರಿಗೆ ಅದು ಕಾಣುವುದಿಲ್ಲ. ಕರಡು ತಿದ್ದುವ ಒಬ್ಬಿಬ್ಬರ ಕಣ್ಣೇ ಎಲ್ಲಕ್ಕೂ ಆಧಾರ. ಯಂತ್ರ ತಾನಾಗಿ ಸರಿಯಾಗಿ ಮೂಡಿಸಬೇಕಾದ ಅಗತ್ಯ ಬೆಂಗಳೂರಿಗಿಂತ ನಮಗೇ ಹೆಚ್ಚು.

ಇದಕ್ಕಿಂತ ದೊಡ್ಡ ಪ್ರಶ್ನೆ ಉಳಿಕೆಯದು. ಹಲವು ದಶಕಗಳಲ್ಲಿ ಅಚ್ಚಾದ ಸಾವಿರಾರು ಕನ್ನಡ ಗ್ರಂಥಗಳ ಮೂಲಕಡತಗಳು ರೋಮನ್ ವೇಷದಲ್ಲಿಯೇ ಇವೆ. ಅವುಗಳಲ್ಲಿ ಒಂದು ಪದವನ್ನು ಹುಡುಕಲಾಗದು. ಅಂಧ ಓದುಗರಿಗೆ ಯಂತ್ರ ಅವನ್ನು ಓದಿ ಹೇಳಲಾರದು. ಪರಿವರ್ತಕಗಳಿವೆ, ಆದರೆ ಫಾಂಟಿನ ಗುರುತು ತಪ್ಪಿದ ಕಡೆ ಅವೂ ಎಡವುತ್ತವೆ. ಮುದ್ರಿತ ಪುಸ್ತಕ ಕಪಾಟಿನಲ್ಲಿದೆ, ಅದರ ಪಠ್ಯ ಮಾತ್ರ ನಮ್ಮ ಕೈಯಲ್ಲಿಲ್ಲ.

ಆದ್ದರಿಂದ ನಮ್ಮ ಸಂಘಸಂಸ್ಥೆಗಳು ಎರಡು ಕೆಲಸಗಳನ್ನು ರೂಢಿಸಿಕೊಳ್ಳಬಹುದು. ಪ್ರತಿ ಸಂಚಿಕೆಯ ಪಠ್ಯವನ್ನು ಯುನಿಕೋಡಿನಲ್ಲಿಯೂ ಕಾಪಿಡುವುದು ಒಂದು. ಒಡೆದ ಅಕ್ಷರ ಕಂಡಾಗ ಆ ಪದ, ಫಾಂಟಿನ ಹೆಸರು, ತಂತ್ರಾಂಶದ ಆವೃತ್ತಿ, ಮೂಡಬೇಕಾದ ರೂಪ ಮತ್ತು ಮೂಡಿದ ರೂಪದ ಚಿತ್ರ ಈ ಐದನ್ನೂ ಸೇರಿಸಿ ತಯಾರಕರಿಗೆ ಬರೆದು ಕಳುಹಿಸುವುದು ಇನ್ನೊಂದು. ಹತ್ತು ನಿಮಿಷದ ಕೆಲಸ. ಕರಡಿನ ಅಂಚಿನಲ್ಲಿ ತಿದ್ದಿದ ಒತ್ತು ಆ ಒಂದು ಪುಟಕ್ಕೆ ಸಲ್ಲುತ್ತದೆ. ತಯಾರಕರಿಗೆ ಬರೆದು ತಿದ್ದಿಸಿದ ಒತ್ತು ಮುಂದೆ ಬರುವ ಎಲ್ಲ ಪುಟಗಳಿಗೂ ಸಲ್ಲುತ್ತದೆ.