ತುಮಕೂರು ಸೀಮೆಯ ಅಡಿಕೆ ಕೃಷಿ

ಅಡಿಕೆ ನೆರಳು, ತಂಪು ಬಯಸುವ ನಿತ್ಯಹಸಿರು ಮರ. ತಾಳೆಯ ಕುಲಕ್ಕೆ ಸೇರಿದ್ದು. ಇದರ ಮೂಲ ಆಗ್ನೇಯ ಏಷ್ಯಾ. ಕರ್ನಾಟಕದಲ್ಲಿ ಮಲೆನಾಡಿನ ಕಣಿವೆಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ತುಮಕೂರು ಬಯಲಿನಲ್ಲಿ ಇದು ಬೇರುಬಿಟ್ಟದ್ದು ಕೆರೆಗಳ ದೆಸೆಯಿಂದ. ತುಮಕೂರು ನಗರದ ಶಿರಾ ಗೇಟ್ ದಾಟಿ ಉತ್ತರಕ್ಕೆ ಹೋದಷ್ಟೂ ಸೀಮೆ ಒಣಗುತ್ತದೆ. ಗುಬ್ಬಿ, ಕುಣಿಗಲ್ ಕಡೆ ತಿರುಗಿದರೆ ಕೆರೆ ಏರಿಯ ಕೆಳಗೆ ತೆಂಗು ಅಡಿಕೆ ಬೆರೆತ ತೋಟಗಳು ಸಿಗುತ್ತವೆ. 1800ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಗುಬ್ಬಿ, ಹೊನ್ನವಳ್ಳಿ ಭಾಗದ ಅಡಿಕೆಯನ್ನು ತನ್ನ ಪ್ರವಾಸ ಗ್ರಂಥದಲ್ಲಿ (1807) ದಾಖಲಿಸಿದ್ದಾನೆ.

ಬಯಲುಸೀಮೆಯ ಅಡಿಕೆಗೆ ಮಳೆ ಕೊರತೆಗಿಂತ ನೈಋತ್ಯದ ಇಳಿಬಿಸಿಲೇ ಕೆಲವೊಮ್ಮೆ ದೊಡ್ಡ ಶತ್ರು. ಎಳೆ ಕಾಂಡಕ್ಕೆ ನೇರ ಬಿಸಿಲು ಹೊಡೆದರೆ ಆ ಮಗ್ಗುಲು ಮೊದಲು ಹಳದಿಯಾಗಿ, ಆಮೇಲೆ ಕಂದಿ, ಕೊನೆಗೆ ಉದ್ದಕ್ಕೆ ಸೀಳುತ್ತದೆ. ಗಾಳಿಗೆ ಮರ ಅಲ್ಲೇ ಮುರಿಯುತ್ತದೆ. ಅದಕ್ಕೇ ಒಂಬತ್ತು ಅಡಿ ಅಂತರದ ಸಾಲುಗಳನ್ನು ನೇರ ಉತ್ತರ–ದಕ್ಷಿಣಕ್ಕೆ ಹಿಡಿಯದೆ, ದಕ್ಷಿಣದಿಂದ ಪಶ್ಚಿಮಕ್ಕೆ 35 ಡಿಗ್ರಿ ವಾಲಿಸುವ ಶಿಫಾರಸು ಇದೆ. ಸಸಿಗಳ ನಡುವೆ ಬಾಳೆ ಹಾಕಿ ನೆರಳು ಮಾಡುತ್ತಾರೆ, ಕಾಂಡಕ್ಕೆ ಸುಣ್ಣ ಬಳಿಯುತ್ತಾರೆ, ಇಲ್ಲವೇ ಸೋಗೆ ಕಟ್ಟುತ್ತಾರೆ.

ಕೊಯ್ಲಿನ ಕಾಲಕ್ಕೆ ತೋಟದ ಯಜಮಾನಿಕೆ ಅರ್ಧ ಕೈ ಬದಲಾಗುತ್ತದೆ ಎನ್ನಬೇಕು. ಫಸಲನ್ನು ಮರದ ಮೇಲೇ ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡುವುದು ಇಲ್ಲಿ ರೂಢಿ. ಚೇಣಿದಾರ ಹಸಿಗೊನೆ ಇಳಿಸಿ, ಸುಲಿಸಿ, ಚೊಗರು (ಅಡಿಕೆ ಬೇಯಿಸಿದ ಗಟ್ಟಿ ಕಷಾಯ) ಬೆರೆಸಿದ ನೀರಿನಲ್ಲಿ ಬೇಯಿಸಿ ಒಣಗಿಸುತ್ತಾನೆ; ಅದೇ ಕೆಂಪಡಿಕೆ. ಕರಾವಳಿಯವರು ಹಣ್ಣಡಿಕೆಯನ್ನು ಸಿಪ್ಪೆಸಮೇತ ಒಣಗಿಸಿ ಚಾಲಿ ಮಾಡುವ ಕ್ರಮವೇ ಬೇರೆ.

ಸಂಶೋಧನೆಯಲ್ಲೂ ಈ ಸೀಮೆಯ ಹೆಸರಿದೆ. ತುಮಕೂರಿಗೆ ಸಮೀಪದ ಹಿರೇಹಳ್ಳಿಯ ಹೆಸರು ಹೊತ್ತ ಗಿಡ್ಡ ತಳಿಯ ಕಾಯಿ ವ್ಯಾಪಾರಕ್ಕೆ ಒಗ್ಗುವಂಥದ್ದಲ್ಲ. ಆದರೆ ಅದನ್ನು ಸುಮಂಗಳ, ಮೋಹಿತ್‌ನಗರ ತಳಿಗಳೊಂದಿಗೆ ಸಂಕರಗೊಳಿಸಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಎರಡು ಕುಳ್ಳ ಮಿಶ್ರತಳಿಗಳನ್ನು ಹೊರತಂದಿತು. ಮರ ಹತ್ತುವವರು ಸಿಗದ ಈ ಕಾಲಕ್ಕೆ ಅದು ಸಣ್ಣ ಸಂಗತಿಯಲ್ಲ.

ಹೇಮಾವತಿ ನಾಲೆಯ ನೀರು ಕೆರೆಗಳಿಗೆ ಹರಿದದ್ದು, ಅದಕ್ಕಿಂತ ಹೆಚ್ಚಾಗಿ ಕೊಳವೆಬಾವಿ ಬಂದದ್ದು ಅಡಿಕೆಯನ್ನು ಏರಿಯ ಕೆಳಗಿನಿಂದ ರಾಗಿ ಹೊಲಕ್ಕೆ ಹತ್ತಿಸಿತು. ಮಲೆನಾಡನ್ನು ಕಾಡುವ ಕೊಳೆರೋಗದ ಕಾಟ ಇಲ್ಲಿ ಕಡಿಮೆ. ಬೇರಿಗೆ ಹತ್ತುವ ಅಣಬೆರೋಗದ್ದೇ ಹೆಚ್ಚು. ಬರ ಬಿದ್ದು ಕೊಳವೆಬಾವಿ ಕೈಕೊಟ್ಟ ವರ್ಷಗಳಲ್ಲಿ ಟ್ಯಾಂಕರ್ ನೀರು ಹೊಡೆಸಿ ಮರ ಉಳಿಸಿಕೊಂಡ ಬೆಳೆಗಾರರೂ ಇದ್ದಾರೆ. ಫಸಲು ಕೊಡಲು ಐದಾರು ವರ್ಷ ಹಿಡಿಯುವ ಗಿಡವನ್ನು ಒಂದು ಬೇಸಿಗೆಗೆ ಬಿಟ್ಟುಕೊಡಲು ಅವರು ಒಪ್ಪಲಿಲ್ಲ.