ಸಮುದ್ರ ದಾಟಿ ಬಂದವನಿಗೆ ಒಂದು ಕೋಣೆ

ನಾಗಸಂದ್ರದಲ್ಲಿ ನಮ್ಮ ಮನೆ ತುಮಕೂರು ರಸ್ತೆಯಿಂದ ಎರಡು ಅಡ್ಡರಸ್ತೆ ಒಳಗೆ ಇದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿದ ಹಣದಿಂದ ಕಟ್ಟಿಸಿದ್ದು. ಮಹಡಿಯ ಮೇಲೆ ಒಂದು ಕೋಣೆ, ಪಕ್ಕದಲ್ಲಿ ಅಡುಗೆಗೆ ಒಂದು ಕಟ್ಟೆ, ಅಷ್ಟೆ. 2013ರಲ್ಲಿ ಒಂದು ಮಧ್ಯಾಹ್ನ ಬ್ರೋಕರ್ ಒಬ್ಬ ತರುಣನನ್ನು ಕರೆತಂದ. ಟಾಂಜಾನಿಯಾದವನಂತೆ, ಸೋಲದೇವನಹಳ್ಳಿಯ ಕಡೆ ಕಾಲೇಜಿಗೆ ಸೇರಿದವನಂತೆ. ನಾನು ಅವನ ಮುಖ ನೋಡಿ, “ಕೋಣೆ ನಿನ್ನೆಯೇ ಹೋಗಿಬಿಟ್ಟಿತಲ್ಲಪ್ಪ” ಎಂದೆ. ಗೇಟಿನಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಹಲಗೆ ನೇತಾಡುತ್ತಲೇ ಇತ್ತು. ಅವನು ಹಲಗೆಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ, ತಲೆಬಾಗಿ ವಂದಿಸಿ ಹೊರಟುಹೋದ. ಅವನು ಜಗಳವಾಡಿದ್ದರೆ ನಾನು ಆ ಸಂಗತಿಯನ್ನು ಅಂದೇ ಮರೆಯುತ್ತಿದ್ದೆನೋ ಏನೋ. ಆ ವಂದನೆ ಮಾತ್ರ ಮರೆಯಲಿಲ್ಲ.

ಓದುವುದಕ್ಕಾಗಿ ಊರು ಬಿಟ್ಟವನಿಗೆ ಮೊದಲ ಪರೀಕ್ಷೆ ಪಾಠಶಾಲೆಯಲ್ಲಿ ನಡೆಯುವುದಿಲ್ಲ, ಪರರ ಮನೆಯ ಬಾಗಿಲಲ್ಲಿ ನಡೆಯುತ್ತದೆ. ನಮ್ಮವರಿಗೆ ಮೊದಮೊದಲು ಬೆಂಗಳೂರೇ ಪರದೇಶವಾಗಿತ್ತು. ತುಮಕೂರು ಸೀಮೆಯ ಹುಡುಗರು ಪೆಟ್ಟಿಗೆ ಹೊತ್ತು ಬಂದದ್ದು ಈಗ ನಮ್ಮ ಮನೆಯ ಬಳಿ ಲಾರಿಗಳು ಬೊಬ್ಬಿರಿಯುವ ಇದೇ ರಸ್ತೆಯಲ್ಲಿ. ನಮ್ಮ ತಂದೆಯವರೂ ಹಾಗೆ ಬಂದವರೇ. ವಾರಾನ್ನ ಮಾಡಿಕೊಂಡು ಓದಿದರು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಪುಣ್ಯದ ಕೆಲಸವೆಂದು ನಾವು ಹೊಗಳುತ್ತೇವೆ. ಆದರೆ ಅದು ಜಾತಿ ಕೇಳಿ ಬಡಿಸುತ್ತಿದ್ದ ಅನ್ನ ಎಂಬುದನ್ನು ತಂದೆಯವರೇ ಮುಚ್ಚಿಡುತ್ತಿರಲಿಲ್ಲ. ಆ ಬಾಗಿಲುಗಳು ತೆರೆಯದ ಮಕ್ಕಳಿಗಾಗಿ ಒಂದೊಂದು ಸಮುದಾಯವೂ ತನ್ನ ವಿದ್ಯಾರ್ಥಿನಿಲಯ ಕಟ್ಟಿಕೊಳ್ಳಬೇಕಾಯಿತು. ಗುಬ್ಬಿಯ ತೋಟದಪ್ಪನವರು ಬೆಂಗಳೂರು ರೈಲು ನಿಲ್ದಾಣದ ಬಳಿ ಕಟ್ಟಿಸಿದ ಛತ್ರ 1903ರದು. ಅವರ ದತ್ತಿಯ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು 1927ರಿಂದ ಸೆಂಟ್ರಲ್ ಕಾಲೇಜಿಗೆ ಹೋದವರಲ್ಲಿ ಒಬ್ಬರು ಮುಂದೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾದರು. ತಮ್ಮ ಮಠದಲ್ಲಿ ಅವರು ಜಾತಿ ಕೇಳದೆ ಸಾವಿರಾರು ಹುಡುಗರಿಗೆ ಊಟ, ವಸತಿ ಕೊಟ್ಟದ್ದನ್ನು ಬಲ್ಲದವರಿಲ್ಲ.

ಗೌರಿಬಿದನೂರಿನ ಬಳಿಯ ಹೊಸೂರಿನ ಹುಡುಗನೊಬ್ಬ 1935ರಲ್ಲಿ ಬೆಂಗಳೂರಿಗೆ ನಡೆದೇ ಬಂದ. ಅವರೇ ಎಚ್. ನರಸಿಂಹಯ್ಯನವರು. 1957ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟು ಪಡೆದು 1960ರಲ್ಲಿ ಮರಳಿದರು. ಅಲ್ಲಿಗೆ ಹೋಗಿಬಂದವರು ಬಂಗಲೆ ಕಟ್ಟಿಸುವುದು ಲೋಕರೂಢಿ. ಇವರು ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರೂ ಬಾಳು ಕಳೆದದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ. 2005ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಮನೆ.

ಸಮುದ್ರದಾಚೆ ನಮ್ಮವರಿಗೆ ಬಾಗಿಲು ಸುಲಭವಾಗಿ ತೆರೆದೀತೆ? ಲಂಡನ್ನಿನಲ್ಲಿ ಶ್ಯಾಮಜಿ ಕೃಷ್ಣವರ್ಮರು 1905ರಲ್ಲಿ ಹೈಗೇಟಿನ ಒಂದು ಮನೆಯನ್ನು ‘ಇಂಡಿಯಾ ಹೌಸ್’ ಎಂಬ ವಿದ್ಯಾರ್ಥಿನಿಲಯವಾಗಿ ಮಾಡಿದರು. ಸುಮಾರು 25 ವಿದ್ಯಾರ್ಥಿಗಳಿಗೆ ಅಲ್ಲಿ ಇಂಬು. ಅದು ಕ್ರಾಂತಿಕಾರರ ಬೀಡಾದದ್ದು ಎಲ್ಲರೂ ಓದಿರುವ ಕಥೆ. ಬಾಡಿಗೆಯ ಮನೆಗಳಲ್ಲಿ ಒಂಟಿಯಾಗಿ ಕುಳಿತಿರುತ್ತಿದ್ದ ಹುಡುಗರಿಗೆ ಅದು ಮೊದಲು ಊಟದ ಮನೆಯಾಗಿತ್ತು ಎಂಬುದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. 1907ರಲ್ಲಿ ಸರಕಾರ ಲೀ ವಾರ್ನರ್ ಸಮಿತಿಯನ್ನು ನೇಮಿಸಿ ಭಾರತೀಯ ವಿದ್ಯಾರ್ಥಿಗಳ ಸ್ಥಿತಿಗತಿ ವಿಚಾರಿಸಿತು. ವರದಿ ಬಂತು, ಆದರೆ ಅದನ್ನು ಹೊರಗೆಡಹಿದ್ದು 1922ರಲ್ಲಿ! ಈ ನಡುವೆ 1909ರಲ್ಲಿ ಮದನಲಾಲ ಧಿಂಗ್ರಾ ಕರ್ಜನ್ ವೈಲಿಯನ್ನು ಗುಂಡಿಕ್ಕಿ ಕೊಂದ. ಮರುವರ್ಷವೇ ಕ್ರಾಮ್‌ವೆಲ್ ರಸ್ತೆಯ 21ನೆಯ ಮನೆ ಭಾರತೀಯ ವಿದ್ಯಾರ್ಥಿಗಳಿಗಾಗಿ ತೆರೆಯಿತು. ಹಾಸಿಗೆ ಸಿಕ್ಕಿತು ನಿಜ. ಆದರೆ ಅದರ ಹಿಂದೆ ಸರಕಾರದ ಕಣ್ಣಿದೆಯೆಂದು ಹುಡುಗರು ಅಳುಕಿದರು. ಆಶ್ರಯ ಕೊಡುವವನೇ ಕಾವಲುಗಾರನೂ ಆದರೆ ನಿದ್ದೆ ಹೇಗೆ ಬಂದೀತು!

ಅಮೆರಿಕದಲ್ಲಿ ಹ್ಯಾರಿ ಎಡ್ಮಂಡ್ಸ್ ಎಂಬಾತ 1909ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಮೆಟ್ಟಿಲಲ್ಲಿ ಎದುರಾದ ಚೀನೀ ವಿದ್ಯಾರ್ಥಿಗೆ ಸುಮ್ಮನೆ ನಮಸ್ಕಾರ ಹೇಳಿದರಂತೆ. ತಾನು ಆ ಊರಿಗೆ ಬಂದು ಮೂರು ವಾರವಾದರೂ ಮಾತನಾಡಿಸಿದ ಮೊದಲಿಗರು ನೀವೇ ಎಂದ ಆ ಹುಡುಗ. ಅಲ್ಲಿಂದ ಹುಟ್ಟಿದ್ದು ‘ಇಂಟರ್‌ನ್ಯಾಷನಲ್ ಹೌಸ್’. 1924ರಲ್ಲಿ ನ್ಯೂಯಾರ್ಕಿನಲ್ಲಿ, 1930ರಲ್ಲಿ ಬರ್ಕ್ಲಿಯಲ್ಲಿ. ಬರ್ಕ್ಲಿಯಲ್ಲಿ ಅದು ಏಳುವ ಮೊದಲು ಮನೆಯೊಡೆಯರು ನೂರಾರು ಮಂದಿ ಸಭೆ ಸೇರಿ ವಿರೋಧಿಸಿದರು. ಬಿಳಿಯರೂ ಕರಿಯರೂ ಏಷ್ಯದವರೂ ಒಂದೇ ಸೂರಿನಡಿ ಇರುವುದೆಂದರೇನು ಎಂಬುದು ಅವರ ತಕರಾರು. ಬ್ರಿಟನ್ನಿನಲ್ಲಂತೂ ಬಣ್ಣ ನೋಡಿ ಮನೆ ಕೊಡದಿರುವುದು 1968ರ ಶಾಸನದವರೆಗೂ ಕಾನೂನಿಗೆ ವಿರುದ್ಧವೇ ಆಗಿರಲಿಲ್ಲ. ನಮ್ಮ ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತ ‘ಸಂಸ್ಕಾರ’ವನ್ನು ಬರೆದದ್ದು ಅದಕ್ಕೂ ಮೊದಲು, 1963ರಿಂದ 66ರ ನಡುವೆ. ಅಗ್ರಹಾರದ ಮಡಿಮೈಲಿಗೆಯ ಕಥೆ ಅಂಥ ಊರಿನಲ್ಲಿ ಕುಳಿತು ಬರೆದದ್ದೆಂಬುದು ನನಗೆ ಬಹಳ ಸಲ ನೆನಪಾಗುತ್ತದೆ.

ಇಷ್ಟನ್ನೆಲ್ಲ ನಾನು ಓದಿದ್ದು ಆ ತರುಣನನ್ನು ಹಿಂದಕ್ಕೆ ಕಳುಹಿಸಿದ ಮೇಲೆ. ಓದಿದೊಡನೆ ಬುದ್ಧಿ ಬಂತೆಂದು ಹೇಳಲಾರೆ. 2016ರ ಜನವರಿ 31ರ ರಾತ್ರಿ, ನಮಗೆ ದೂರವಲ್ಲದ ಹೆಸರಘಟ್ಟ ರಸ್ತೆಯ ಬದಿಯಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರಿಗೆ ಸಿಕ್ಕಿ ಹೆಂಗಸೊಬ್ಬರು ಸತ್ತರು. ಆಮೇಲೆ ಅದೇ ದಾರಿಯಾಗಿ ಬಂದ, ಆ ಅಪಘಾತಕ್ಕೆ ಏನೇನೂ ಸಂಬಂಧವಿಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು, ಕಾರು ಸುಟ್ಟಿತು. ಚರ್ಮದ ಬಣ್ಣವೇ ಸಾಕ್ಷಿ, ಅದೇ ತೀರ್ಪು. ಪತ್ರಿಕೆ ಓದುತ್ತ ನಮ್ಮ ಗೇಟಿನ ಹಲಗೆ ಕಣ್ಣ ಮುಂದೆ ಬಂತು. ನಾನು ಕಲ್ಲು ಹಿಡಿದವನಲ್ಲ, ನಿಜ. ಬರ್ಕ್ಲಿಯ ಮನೆಯೊಡೆಯರೂ ಹಿಡಿದಿರಲಿಲ್ಲ.

ಅದೇ ವರ್ಷ ಜುಲೈಯಲ್ಲಿ ಬ್ರೋಕರ್ ಇನ್ನೊಬ್ಬನನ್ನು ಕರೆತಂದ, ಇವನೂ ಟಾಂಜಾನಿಯಾದವನೇ. “ನೋಡಿ ಸಾರ್, ಆಗದಿದ್ದರೆ ಈಗಲೇ ಹೇಳಿಬಿಡಿ, ಇವನನ್ನು ಬಿಸಿಲಲ್ಲಿ ಸುತ್ತಿಸಿ ಸುತ್ತಿಸಿ ನನಗೇ ಸಾಕಾಗಿದೆ” ಎಂದ. ಬೀಗದ ಕೈ ಕೊಟ್ಟೆ. ಪರದೇಶದವರಿಗೆ ಮನೆ ಕೊಟ್ಟವರು ಇಪ್ಪತ್ತನಾಲ್ಕು ಗಂಟೆಯೊಳಗೆ ‘ಸಿ’ ಫಾರಂ ತುಂಬಿ ತಿಳಿಸಬೇಕೆಂಬುದು ಆಗಲೇ ಗೊತ್ತಾದದ್ದು. ಅಣ್ಣನ ಮಗ ಕಂಪ್ಯೂಟರಿನಲ್ಲಿ ತುಂಬಿಕೊಟ್ಟ. ಎದುರುಮನೆಯಾಕೆ ನನ್ನ ಹೆಂಡತಿಯನ್ನು ನಿಲ್ಲಿಸಿ, “ಏನ್ರೀ, ಹೇಳದೆ ಕೇಳದೆ ಎಂಥವರನ್ನು ತಂದಿಟ್ಟುಕೊಂಡಿದ್ದೀರಿ?” ಎಂದು ವಿಚಾರಿಸಿದಳು. ನಮ್ಮವಳಿಗೂ ಅಳುಕು ಇಲ್ಲದಿರಲಿಲ್ಲ. ಮೂರನೆಯ ದಿನ ಮೇಲಿನಿಂದ ಹಿಟ್ಟು ಬೇಯುವ ವಾಸನೆ ಬಂತು. ಹತ್ತಿ ನೋಡಿ ಬಂದವಳು, “ಅಯ್ಯೋ, ಅವನು ಮುದ್ದೆ ತೊಳಸುತ್ತಿದ್ದಾನೆ ಕಣ್ರೀ!” ಎಂದಳು.

ಅದು ಜೋಳದ ಹಿಟ್ಟಿನ ಮುದ್ದೆ, ಮೆಕ್ಕೆಜೋಳದ್ದು. ಅವರು ‘ಉಗಾಲಿ’ ಎನ್ನುತ್ತಾರೆ. ನಮ್ಮವಳು ರಾಗಿ ತೋರಿಸಿದಾಗ ಅವನು ಅಂಗೈಯಲ್ಲಿ ಹರಡಿಕೊಂಡು, “ಉಲೇಜಿ!” ಎಂದು ನಕ್ಕ. ಅವರ ಸ್ವಾಹಿಲಿಯಲ್ಲಿ ರಾಗಿಯ ಹೆಸರು. ನಮ್ಮ ನೆಲದ್ದೇ ಎಂದು ನಾವು ಬೀಗುವ ರಾಗಿ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದ ಎತ್ತರದ ನಾಡಿನಿಂದ ಬಂದ ಧಾನ್ಯವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ನಾಗಸಂದ್ರದ ‘ಸಂದ್ರ’ವೂ ಸಮುದ್ರವೇ, ನಮ್ಮ ಹಿರಿಯರು ಕೆರೆಗೆ ಪ್ರೀತಿಯಿಂದ ಇಟ್ಟ ದೊಡ್ಡ ಹೆಸರು.

ಎರಡು ವರ್ಷವಿದ್ದ. ಬಾಡಿಗೆ ಒಂದೆರಡು ಸಲ ತಡವಾಯಿತು. ಸಂಗೀತದ ಸದ್ದಿಗೆ ನಾನು ಗದರಿದ್ದೂ ಉಂಟು. ಮೆಟ್ರೊ ಆಗ ನಾಗಸಂದ್ರಕ್ಕೇ ಕೊನೆಯಾಗುತ್ತಿತ್ತು. ಮಾದಾವರದವರೆಗೆ ಹೋದದ್ದು 2024ರಲ್ಲಿ. ಅವನು ಹೊರಟ ದಿನ ಆ ಕೊನೆಯ ನಿಲ್ದಾಣದವರೆಗೆ ಹೋಗಿ ಬೀಳ್ಕೊಟ್ಟು ಬಂದೆ. ಪಾತ್ರೆಗಳನ್ನು ಕಿರಿಯ ಗೆಳೆಯನೊಬ್ಬನಿಗೆ ಕೊಟ್ಟಿದ್ದ. ಉಗಾಲಿ ತೊಳಸುವ ಮರದ ಸೌಟು ಮಾತ್ರ ಇಲ್ಲೇ ಉಳಿಯಿತು. ನನ್ನ ಹೆಂಡತಿ ಈಗಲೂ ಮುದ್ದೆಗೆ ಅದನ್ನೇ ಹಿಡಿಯುತ್ತಾಳೆ; ಹಿಡಿ ಸ್ವಲ್ಪ ಗಿಡ್ಡವಾಯಿತೆಂದು ಗೊಣಗುತ್ತಾಳೆ.