‘ವಾರ’ ಶಬ್ದದ ವಿಚಾರ

“ಈ ದಿನ ಯಾವ ವಾರ?” ಎಂದು ಕೇಳುವೆವು, “ನೀವು ಬಂದು ಒಂದು ವಾರವಾಯಿತು” ಎಂದೂ ಹೇಳುವೆವು. ಮೊದಲನೆಯ ಮಾತಿನಲ್ಲಿ ವಾರವೆಂದರೆ ಒಂದು ದಿನ, ಎರಡನೆಯದರಲ್ಲಿ ಏಳು ದಿನ. ಒಂದೇ ಶಬ್ದವು ಒಂದಕ್ಕೂ ಏಳಕ್ಕೂ ಸಲ್ಲುವುದೆಂತು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಸಂಸ್ಕೃತದಲ್ಲಿ ‘ವಾರ’ಕ್ಕೆ ಸರದಿ, ಸಲ, ನಿಯತವಾದ ಸಮಯ ಎಂಬ ಅರ್ಥಗಳುಂಟು. ‘ಏಕವಾರ’ವೆಂದರೆ ಒಂದು ಸಲ, ‘ವಾರಂವಾರ’ವೆಂದರೆ ಮತ್ತೆ ಮತ್ತೆ. ಹಿಂದಿಯ ‘ಬಾರ್’, ‘ಬಾರೀ’ ಎಂಬುವು ಇದರ ಸಂತತಿಯೇ. ನಮ್ಮ ‘ಬಾರಿ’ಯೂ ಇದರ ನಂಟಿನದೇ. ಆದುದರಿಂದ ಈ ಶಬ್ದದಲ್ಲಿ ಮೊದಲಿಗಿದ್ದುದು ಪಾಳಿಯ ಭಾವವೇ ಹೊರತು ದಿನದ ಎಣಿಕೆಯಲ್ಲ.

ಹಾಗಾದರೆ ದಿನಗಳಲ್ಲಿ ಪಾಳಿ ಯಾರದು? ಗ್ರಹಗಳದು. ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂಬ ಕ್ರಮದಲ್ಲಿ ಒಂದೊಂದು ಹೋರೆಗೆ ಒಬ್ಬೊಬ್ಬ ಅಧಿಪತಿ. ಅಹೋರಾತ್ರಿಗೆ ೨೪ ಹೋರೆಗಳು. ಏಳರ ಸುತ್ತು ಮೂರು ಬಾರಿ ಮುಗಿದರೆ ೨೧. ಉಳಿದ ಮೂರು ಹೋರೆಗಳು ಶನಿ, ಗುರು, ಕುಜರಿಗೆ ಸಂದರೆ ಮರುದಿನದ ಮೊದಲ ಹೋರೆ ರವಿಯದು. ಶನಿವಾರದ ತರುವಾಯ ಭಾನುವಾರ ಬರುವುದು ಈ ಲೆಕ್ಕದಿಂದಲೇ. ೪೯೯ರ ಕಾಲದ ಆರ್ಯಭಟನು ಈ ನಾಲ್ಕನೆಯವನ ನಿಯಮವನ್ನು ಹೇಳಿದ್ದಾನೆ. ‘ಹೋರಾ’ ಎಂಬುದು ಗ್ರೀಕ್ ಶಬ್ದ. ಈ ಪದ್ಧತಿಯು ಯವನರ ಜ್ಯೋತಿಷದೊಡನೆ ನಮ್ಮಲ್ಲಿಗೆ ಬಂದುದಕ್ಕೆ ಅದೇ ಸಾಕ್ಷಿ.

ನಮ್ಮ ದೇಶದ ಶಾಸನಗಳಲ್ಲಿ ವಾರವು ಮೊದಲು ಕಾಣಬರುವುದು ಮಧ್ಯಪ್ರದೇಶದ ಏರಣ್ ಕಂಬದಲ್ಲಿ. ಬುಧಗುಪ್ತನ ಕಾಲದ ಆ ಶಾಸನದ ಗುಪ್ತವರ್ಷ ೧೬೫ರ ಆಷಾಢ ಶುದ್ಧ ದ್ವಾದಶಿಯು ಕ್ರಿ. ಶ. ೪೮೪ರ ಜೂನ್ ೨೧, ಗುರುವಾರ. ಅಲ್ಲಿಯೂ ಬರೆದಿರುವುದು ಸುರಗುರುವಿನ ‘ದಿವಸ’ವೆಂದೇ, ‘ವಾರ’ವೆಂದಲ್ಲ. ನಮ್ಮ ಬಾದಾಮಿಯ ೫೭೮ರ ಮಂಗಳೇಶನ ಶಾಸನದಲ್ಲಿ ಕಾರ್ತಿಕದ ಹುಣ್ಣಿಮೆಯುಂಟು, ವಾರವಿಲ್ಲ. ೬೩೪ರ ಐಹೊಳೆಯ ಶಾಸನದಲ್ಲಿಯೂ ಇಲ್ಲ. ಮುಂದಿನ ಶತಮಾನಗಳ ಕನ್ನಡ ಶಾಸನಗಳಲ್ಲಾದರೋ ಆದಿವಾರ, ಸೋಮವಾರಗಳು ಹೇರಳವಾಗಿವೆ. ‘ವಡ್ಡವಾರ’ವೆಂಬುದೊಂದೂ ಬರುತ್ತದೆ, ಅದನ್ನು ಬಹುಮಂದಿ ವಿದ್ವಾಂಸರು ಶನಿವಾರವೆಂದು ಎಣಿಸಿದ್ದಾರೆ.

ಹೀಗೆ ಗ್ರಹದ ಪಾಳಿಯು ದಿನದ ಹೆಸರಾಯಿತು. ಅದೇ ಹೆಸರಿನ ದಿನವು ಮರಳಿ ಬರುವಷ್ಟು ಅವಧಿಗೂ ಜನರು ವಾರವೆಂದೇ ಅಂದರು. ಸಂಸ್ಕೃತದ ‘ಸಪ್ತಾಹ’ವು ಪುರಾಣಶ್ರವಣಕ್ಕೂ ಭಜನೆಗೂ ಉಳಿಯಿತು, ಕೊಳ್ಳುವ ಮಾರುವ ಬಾಳಿಗೆ ವಾರವೇ ಸಾಕಾಯಿತು. ಕೊಡಗಿನ ಸೋಮವಾರಪೇಟೆ, ಶನಿವಾರಸಂತೆ ಎಂಬ ಊರುಗಳ ಹೆಸರೇ ಇದನ್ನು ಹೇಳುತ್ತವೆ.

ಶಬ್ದದ ಹಳೆಯ ಅರ್ಥವೂ ಹೊಸ ಅರ್ಥವೂ ಒಂದೇ ಎಲೆಯಲ್ಲಿ ಕೂಡಿದ್ದು ‘ವಾರಾನ್ನ’ದಲ್ಲಿ. ಪರಸ್ಥಳದಲ್ಲಿ ಓದುವ ಬಡ ಹುಡುಗನಿಗೆ ಏಳು ಮನೆಗಳು, ಸೋಮವಾರಕ್ಕೊಂದು, ಮಂಗಳವಾರಕ್ಕೊಂದು. ಇದು ಬಹುಮಟ್ಟಿಗೆ ಸ್ವಜಾತಿಯ ಮನೆಗಳೊಳಗಿನ ಏರ್ಪಾಡಾಗಿತ್ತೆಂಬ ಮಿತಿಯನ್ನು ಮರೆಯಲಾಗದು. ಏಳು ಮನೆ ದೊರೆಯದವನಿಗೆ ದೊರೆತಷ್ಟೇ ವಾರ. ಮಿಕ್ಕ ದಿನ ಉಪವಾಸ. ಒಪ್ಪಿಕೊಂಡ ಮನೆಯಲ್ಲಿ ಸೂತಕವೋ ಜ್ವರವೋ ಬಂದರೆ ಆ ದಿನವೂ ಅಷ್ಟೆ. ಅಂಥವನಿಗೆ ಬುಧವಾರವೆಂದರೆ ಬುಧನ ಹೋರೆಯಲ್ಲ, ಇಂಥ ಬೀದಿಯ ಇಂಥ ತಾಯಿಯ ಕೈಯನ್ನ. ಇಪ್ಪತ್ತನೆಯ ಶತಮಾನದಲ್ಲಿ ಉಚಿತ ವಿದ್ಯಾರ್ಥಿನಿಲಯಗಳು ಹೆಚ್ಚಿದಂತೆ ಈ ಪದ್ಧತಿ ಹಿಂದೆ ಸರಿಯಿತು, ಸರಿದುದು ಒಳ್ಳೆಯದೇ. ಆದರೂ ನಮ್ಮ ಮನೆತನಗಳ ಹಿರಿಯರಲ್ಲಿ ಎಷ್ಟು ಮಂದಿಯ ವಿದ್ಯೆ ಈ ಶಬ್ದದ ಋಣದಲ್ಲಿದೆಯೋ! ಸರದಿಯೆಂದರೆ ಒಬ್ಬರಾದ ಮೇಲೆ ಒಬ್ಬರು ಹೊರುವ ಹೊಣೆ. ವಾರವೆಂಬ ಮಾತು ಆ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. ನಾವು ಮರೆಯದಿದ್ದರೆ ಸರಿ.